ಮೀನು ಕಟ್ಟುವ ಪೇಪರಿನ ಇಂಗ್ಲಿಷು

ನನ್ನ ಬಾಯಿಗೆ ಇಂಗ್ಲಿಷು ಯಾವ ಕಾಲಕ್ಕೂ ಬರುವುದಿಲ್ಲವೆಂದು ಹೇಳಿದವರು ಅಮ್ಮನ ಅಣ್ಣ. ನಮ್ಮಲ್ಲಿ ಮನೆಯ ಯಜಮಾನಿಕೆ ಸೋದರಮಾವನದು. ಅಪ್ಪ ಇದ್ದರೂ ಅಷ್ಟೆ. ನನ್ನ ಅಪ್ಪನಂತೂ ಮುಂಬಯಿಗೆ ಹೋದವರು ತಿರುಗಿ ಬಂದಿರಲಿಲ್ಲ. ಮಾಮ ಮಣಿಪಾಲದ ಒಂದು ಕಾಲೇಜಿನಲ್ಲಿ ಅಟೆಂಡರ್. ಇಂಗ್ಲಿಷು ಮಾತಾಡುವವರಿಗೆ ದಿನವಿಡೀ ಬಾಗಿಲು ತೆರೆದು ತೆರೆದು, ಆ ಭಾಷೆ ಯಾರಿಗೆ ಒಗ್ಗುತ್ತದೆ, ಯಾರಿಗೆ ಇಲ್ಲ ಎನ್ನುವುದು ಮುಖ ನೋಡಿದರೇ ತಿಳಿಯುತ್ತದೆ ಎಂದು ನಂಬಿದ್ದರು.

ನಾನು ಉಡುಪಿಯಲ್ಲಿ ಬಿಬಿಎ ಸೇರಿದಾಗ ಅವರು ಬೇಡ ಅನ್ನಲಿಲ್ಲ. ಕೊನೆಯ ವರ್ಷ ಪ್ರಾಜೆಕ್ಟಿನ ವೈವಾ ಇಂಗ್ಲಿಷಿನಲ್ಲೇ ಆಗಬೇಕೆಂದು ವಿಚಾರಿಸಿಕೊಂಡು ಬಂದರು. ಅದರಲ್ಲಿ ಫೇಲಾದರೆ ಮೀನು ಕ್ಲೀನ್ ಮಾಡುವ ಫ್ಯಾಕ್ಟರಿಗೆ ಹೋಗಬೇಕು, ಎರಡನೇ ಸಲ ಪರೀಕ್ಷೆಗೆ ಕಟ್ಟುವುದೆಲ್ಲ ಇಲ್ಲ ಎಂದರು. ಅಲ್ಲಿನ ಸೂಪರ್‌ವೈಸರ್ ಹತ್ತಿರ ಆಗಲೇ ಮಾತಾಡಿಯೂ ಇದ್ದರು.

ಪೇಪರನ್ನು ದಿನಾ ಗಟ್ಟಿಯಾಗಿ ಓದಿದರೆ ನಾಲಿಗೆ ತಿರುಗುತ್ತದೆ ಎಂದು ಕಾಲೇಜಿನ ಮೇಡಂ ಹೇಳಿದರು. ಪೇಪರಿಗೆ ನಮ್ಮಲ್ಲಿ ಕೊರತೆಯಿರಲಿಲ್ಲ. ಅಮ್ಮ ಕಾಪು ಪೇಟೆಯಲ್ಲಿ ಮೀನು ಮಾರುತ್ತಿದ್ದರು. ಮೀನು ಕಟ್ಟಿಕೊಡಲು ಗುಜರಿಯಿಂದ ಹಳೆಯ ಪೇಪರು ತರುತ್ತಿದ್ದರು, ಅದೂ ಇಂಗ್ಲಿಷಿನದೇ, ಪುಟ ಜಾಸ್ತಿ. ಸಂಜೆ ಅದನ್ನು ಹಾಳೆ ಹಾಳೆಯಾಗಿ ಹರಿದಿಡುವುದು ನನ್ನ ಕೆಲಸ. ಹರಿಯುವ ಮೊದಲು ಓದತೊಡಗಿದೆ. ಮಂತ್ರಿಗಳ ಹೇಳಿಕೆ, ಅಪಘಾತ, ಟೆಂಡರು, ತೀರಿಹೋದವರ ಸುದ್ದಿ, ಎಲ್ಲ ತಿಂಗಳುಗಟ್ಟಲೆ ಹಳತು. ಅರ್ಥ ಆಮೇಲೆ ಬಂತು. ಮೊದಲು ಬಂದದ್ದು ದವಡೆ ನೋವು.

ಭಾನುವಾರ ಮಾಮ ಮಗನನ್ನು ಕರೆದುಕೊಂಡು ಕಾರ್ಕಳದ ತಮ್ಮ ಮನೆಯಿಂದ ಬರುತ್ತಿದ್ದರು. ಮಗ ಸಣ್ಣದರಿಂದಲೂ ಇಂಗ್ಲಿಷ್ ಮೀಡಿಯಂ, ಆಗ ಇಂಜಿನಿಯರಿಂಗ್. ಊಟವಾದ ಮೇಲೆ ಮಾಮ ಜಗಲಿಯಲ್ಲಿ ಕುಳಿತು ಕರೆಯುತ್ತಿದ್ದರು. "ಓದು ಮಾರಾಯ್ತಿ, ನಿಮ್ಮ ಟಿವಿಗಿಂತ ನೀನೇ ವಾಸಿ."

ಓದುತ್ತಿದ್ದೆ. ಪಕ್ಕದ ಮನೆಯವರೂ ಬಂದು ನಿಲ್ಲುತ್ತಿದ್ದರು. ಮಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಗೆಳೆಯರಿಗೆ ಕಳಿಸುತ್ತಿದ್ದ. ಒಂದು ಶಬ್ದಕ್ಕೆ ನಾನು ತಡವರಿಸಿದರೆ ಮಾಮ ಸುತ್ತ ಇದ್ದವರನ್ನು ನೋಡುತ್ತಿದ್ದರು. "ಇಲ್ಲೇ ನಂದಿಕೂರಲ್ಲಿ ಅಷ್ಟು ದೊಡ್ಡ ಪವರ್ ಪ್ಲಾಂಟ್ ಉಂಟು. ಇವಳ ಬಾಯಿಗೆ ಮಾತ್ರ ಕರೆಂಟಿಲ್ಲ."

ನಿಲ್ಲಿಸಿದರೆ ಮೊದಲಿನಿಂದ ಓದಿಸುತ್ತಿದ್ದರು. ಹಾಗಾಗಿ ನಗುವಿನ ನಡುವೆಯೂ ಕೊನೆಯ ಸಾಲಿನ ತನಕ ಹೋಗುವುದು ರೂಢಿಯಾಯಿತು. ಒಮ್ಮೆ ಅಮ್ಮನೂ ನಕ್ಕರು. ನಗದಿದ್ದರೆ ಅಣ್ಣನಿಗೆ ಬೇಸರವಾಗುತ್ತಿತ್ತು.

ವೈವಾಕ್ಕೆ ಹೊರಗಿನಿಂದ ಬಂದ ಪರೀಕ್ಷಕರು ಮನೆಯಲ್ಲಿ ಯಾರ‍್ಯಾರಿದ್ದಾರೆ ಎಂದು ಕೇಳಿದರು. ಸುಲಭದ ಪ್ರಶ್ನೆ. ಆದರೆ ನಾನು ಇಂಗ್ಲಿಷಿನಲ್ಲಿ ಯಾರೊಂದಿಗೂ ಮಾತಾಡಿದವಳಲ್ಲ, ಪೇಪರು ಓದಿದವಳು. ಬಲ್ಲ ಮೂಲಗಳ ಪ್ರಕಾರ ನನ್ನ ತಾಯಿ ಕಾಪುವಿನಲ್ಲಿ ಮೀನು ಮಾರುತ್ತಾರೆ, ತಂದೆಯವರು ಈ ಸಂದರ್ಭದಲ್ಲಿ ಉಪಸ್ಥಿತರಿಲ್ಲ ಎಂದೆ.

ಅವರಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಸುಧಾರಿಸಿಕೊಂಡು, ತಂದೆಯವರಿಗೆ ಆಮಂತ್ರಣ ಹೋಗಿತ್ತೇ ಎಂದು ಕೇಳಿದರು. ನಮ್ಮ ಕಾಲೇಜಿನವರೂ ನಕ್ಕರು. ನಾನು ಏನು ಹೇಳಿದೆನೆಂದು ನನಗೆ ಹೊಳೆದದ್ದೇ ಆಗ. ಆದರೂ ಬಾಯಿ ನಿಲ್ಲಲಿಲ್ಲ. ಮೀನಿನ ಹರಾಜಿನಲ್ಲಿ ದರ ಹೇಗೆ ಏರುತ್ತದೆ, ಯಾಕೆ ಇಳಿಯುತ್ತದೆ, ನನ್ನ ಪ್ರಾಜೆಕ್ಟಿನಲ್ಲಿದ್ದದ್ದನ್ನೆಲ್ಲ ವರದಿ ಒಪ್ಪಿಸಿದ ಹಾಗೆ ಒಪ್ಪಿಸಿದೆ. ನನ್ನ ಮಾತು ಮುಗಿಯುವ ಮೊದಲೇ ಅವರ ನಗು ಮುಗಿದಿತ್ತು. ಪಾಸಾದೆ. ಮಾಮ ಹಾಗೆ ಗೇಲಿ ಮಾಡಿ ನನ್ನನ್ನು ಗಟ್ಟಿ ಮಾಡಿದ್ದರಿಂದಲೇ ಪಾಸಾದದ್ದು ಎಂದು ಕೆಲವರು ಹೇಳುತ್ತಾರೆ. ಹೇಳಿಕೊಳ್ಳಲಿ. ನಾನು ಅವರಿಗೆ ಆ ಪುಣ್ಯ ಕೊಡಲಾರೆ.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ವಾರ ಮಾಮ ಮನೆಗೆ ಬಂದಿದ್ದರು. ನಮ್ಮ ಕುಟುಂಬದಲ್ಲಿ ಅಂಥದ್ದೊಂದು ಕಾಗದ ಅದೇ ಮೊದಲು. ಮನೆಯ ಹಿರಿಯರೆಂದು ಅವರ ಕೈಗೇ ಕೊಟ್ಟೆ. ಅವರು ಕೈ ಒರೆಸಿಕೊಂಡು ಅದನ್ನು ದೂರ ಹಿಡಿದು ನೋಡಿದರು, ಹಿಂದೆ ತಿರುಗಿಸಿಯೂ ನೋಡಿದರು. ಆ ಸಲ ಎರಡು ವಿಷಯದಲ್ಲಿ ಫೇಲಾಗಿ ಮೂಲೆಯಲ್ಲಿ ಕುಳಿತಿದ್ದ ಮಗನಿಗೆ ದಾಟಿಸಿದರು.

"ನೋಡು ಮಗಾ, ಇಂಥವಳಿಗೇ ಕೊಟ್ಟಿದ್ದಾರೆ. ನಿನಗೆ ಎಂತ ಹೆದರಿಕೆ?"