ಇನ್ನೂರ ಹನ್ನೆರಡನೇ ಪುಟ

ಐಲ್ಸಾ ಡಫ್ ತೀರಿಕೊಂಡ ಸುದ್ದಿಯನ್ನು ದೊಡ್ಡ ಪೇಟೆಯ ಪತ್ರಿಕೆಯವರು ಬರೆದ ರೀತಿ ನೋಡಿ ನನಗೆ ಪಿತ್ತ ನೆತ್ತಿಗೇರಿತು. ‘ಜನರನ್ನು ಕಂಡರಾಗದ ಲೇಖಕಿ’ಯಂತೆ. ‘ನಲವತ್ತು ವರ್ಷ ಯಾರಿಗೂ ಮುಖ ತೋರಿಸಲಿಲ್ಲ’ವಂತೆ. ಇವರ ತಲೆ! ಇವರಿಗೆ ತೋರಿಸಲಿಲ್ಲ ಅಂದರೆ ಯಾರಿಗೂ ತೋರಿಸಲಿಲ್ಲ ಅಂತಲೇ ಅರ್ಥವೇ? ನಮ್ಮೂರು ಕಾರ್ವರ್ಸ್ ನಾಚ್‌ನಲ್ಲಿ ಅವಳ ಮುಖ ನೋಡದವರು ಯಾರಿದ್ದರು? ಪ್ರತಿ ಮಾರ್ಚಿನ ಊರಸಭೆಗೆ ಹುರುಳಿಕಾಯಿ ಉಪ್ಪಿನಕಾಯಿಯ ಜಾಡಿ ಹಿಡಿದು ಬಂದು ಮೂರನೇ ಸಾಲಿನಲ್ಲಿ ಕೂರುತ್ತಿದ್ದಳು. ನಮ್ಮೂರಿನ ‘ಬೇಲಿ ನೋಡುವ’ ಹುದ್ದೆಯೂ ಅವಳದೇ. ಇಬ್ಬರು ರೈತರು ಗಡಿಗಾಗಿ ಕಿತ್ತಾಡಿದರೆ ಊರು ಚುನಾಯಿಸಿದ ಆ ಮನುಷ್ಯ ಹೋಗಿ ಕಲ್ಲು ಎಲ್ಲಿದೆ ನೋಡಿ ತೀರ್ಪು ಹೇಳಬೇಕು. ಹತ್ತೊಂಬತ್ತು ವರ್ಷ ಅವಳು ಹೇಳಿದ್ದೇ ಗಡಿ.

ಅವಳಪ್ಪ ಗ್ರಾನೈಟ್ ಕೆತ್ತುವವನು. ಸ್ಕಾಟ್ಲೆಂಡಿನಿಂದ ವರ್ಮಾಂಟಿಗೆ ಬಂದು, ಇಲ್ಲಿನ ಕಲ್ಲು ಕಂಪನಿಯ ಷೆಡ್ಡಿನಲ್ಲಿ ಕಲ್ಲುಪುಡಿ ಕುಡಿದು, ನಲವತ್ತೊಂದಕ್ಕೆ ಸತ್ತ. ಆಗ ಐಲ್ಸಾಗೆ ಹದಿನಾರು. ಶಾಲೆ ಬಿಟ್ಟು ಅದೇ ಕಂಪನಿಯ ಆಫೀಸಿನಲ್ಲಿ ಟೈಪಿಸ್ಟ್ ಆದಳು. ಸತ್ತ ಕೆಲಸಗಾರರ ವಿಧವೆಯರಿಗೆ ಕಂಪನಿ ಕಳಿಸುತ್ತಿದ್ದ ಸಂತಾಪದ ಕಾಗದಗಳನ್ನು ಇಪ್ಪತ್ತು ವರ್ಷ ಟೈಪು ಮಾಡಿದಳು. ಆಮೇಲೆ ಕೆಲಸ ಬಿಟ್ಟು, ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದು ಕಾದಂಬರಿ ಬರೆದಳು.

ಅಯ್ಯೋ, ಎಂಥ ಗದ್ದಲವೆದ್ದಿತು! ಚಳಿಗಾಲದಲ್ಲಿ ಕೈ ಮರಗಟ್ಟಿ ಕೆಲಸ ನಿಧಾನವಾಗುತ್ತದೆಂದು ಷೆಡ್ಡಿನ ಬಾಗಿಲು ಮುಚ್ಚಿಸಿದ್ದು, ಒಳಗೆ ಧೂಳು ತುಂಬಿ ಗಂಡಸರು ಒಬ್ಬೊಬ್ಬರಾಗಿ ಉಸಿರು ಕಟ್ಟಿ ಸತ್ತದ್ದು, ಊರಿಗೆ ಊರೇ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದು, ಎಲ್ಲವೂ ಅದರಲ್ಲಿತ್ತು. ಕಂಪನಿ ಸುಳ್ಳೆಂದಿತು, ಪಾದ್ರಿಗಳು ಪಾಪವೆಂದರು, ದಕ್ಷಿಣದ ಯಾವುದೋ ಊರಿನಲ್ಲಿ ಪುಸ್ತಕವನ್ನೇ ಸುಟ್ಟರಂತೆ. ಪತ್ರಿಕೆಯವರು ಅವಳ ಜಗಲಿ ಕಟ್ಟೆಯಲ್ಲಿ ಠಿಕಾಣಿ ಹೂಡಿದರು. ಅವಳು ಒಮ್ಮೆ ಮಾತ್ರ ಕಿಟಕಿ ತೆರೆದು, “ಹೇಳೋದನ್ನೆಲ್ಲ ಅದರಲ್ಲೇ ಹೇಳಿದೀನಿ, ಹೋಗಿ ಓದ್ಕೊಳ್ಳಿ” ಅಂದು ಮುಚ್ಚಿದಳು. ಆಮೇಲೆ ಅವರ ಯಾರ ಜೊತೆಗೂ ಮಾತಾಡಲೇ ಇಲ್ಲ.

ಈಗ ನನ್ನ ವಿಷಯ ಹೇಳಬೇಕು, ಹೇಳಲು ನಾಚಿಕೆಯಾದರೂ. ಆ ಷೆಡ್ಡಿನ ಮೇಸ್ತ್ರಿ ನನ್ನಪ್ಪ, ಆಲ್ಡೆನ್ ಸ್ಟಿಕ್ನಿ. ಬಾಗಿಲು ಮುಚ್ಚಿಸಿದವನು ಅವನೇ. ಪುಸ್ತಕದಲ್ಲಿ ಹೆಸರು ಬೇರೆ, ಆದರೆ ಅದೇ ಕುಂಟು ಕಾಲು, ಅದೇ ಬೈಗುಳ. ಪುಸ್ತಕ ಬರುವ ಹೊತ್ತಿಗೆ ಅಪ್ಪ ಸತ್ತು ಒಂಬತ್ತು ವರ್ಷ. ಸತ್ತವನ ಹೆಸರಿಗೆ ಮಸಿ ಬಳಿದಳಲ್ಲ ಎಂದು ನನ್ನ ಮೈಯೆಲ್ಲ ಉರಿಯಿತು. ಆ ಪುಸ್ತಕವನ್ನು ಊರ ಲೈಬ್ರರಿಯಿಂದ ತೆಗೆಸಲೇಬೇಕೆಂದು ಹಟ ತೊಟ್ಟು, ಮನೆಮನೆ ತಿರುಗಿ ಸಹಿ ಹಾಕಿಸಿ, ಅರವತ್ತೆರಡನೇ ಇಸವಿಯ ಊರಸಭೆಯ ವಿಷಯಪಟ್ಟಿಗೆ ಸೇರಿಸಿದೆ. ಪುಸ್ತಕ ಓದಿದ್ದೆನೇ? ಇಲ್ಲ. ಅದನ್ನು ಮುಟ್ಟುವುದಿಲ್ಲವೆಂದು ಆಣೆ ಹಾಕಿದ್ದೆ. ಅಪ್ಪನ ವಿಷಯ ಇನ್ನೂರ ಹನ್ನೆರಡನೇ ಪುಟದಲ್ಲಿದೆ ಎಂದು ಹಾಲಿನ ಅಂಗಡಿಯವನು ಹೇಳಿದ್ದ, ಅಷ್ಟೆ.

ಅಂದು ಸಭಾಂಗಣ ಕಿಕ್ಕಿರಿದಿತ್ತು. ಪುಸ್ತಕ ಸುಟ್ಟ ಊರಿನಿಂದ ಒಬ್ಬ ಮಹಾಶಯ ಬಂದು ತಾನೂ ಮಾತಾಡುತ್ತೇನೆಂದ. ಹೊರಗಿನವರು ಮಾತಾಡಬೇಕಾದರೆ ಸಭೆ ಒಪ್ಪಬೇಕು. ಸಭಾಪತಿ ಹೊರೇಸ್ ಕೇಳಿದ, “ಏನಂತೀರಿ?”

“ಬೇಡ! ಇದು ನಮ್ಮನೆ ಜಗಳ, ಅವ್ರಿಗ್ಯಾಕೆ ಉಸಾಬರಿ?” ಎಂದಳು ಲೈಬ್ರರಿಯ ಥೆಲ್ಮಾ. ಮಹಾಶಯ ಗೋಡೆಗೊರಗಿ ಬಾಯಿ ಮುಚ್ಚಿಕೊಂಡು ನಿಂತ. ಪುಸ್ತಕದ ಕಡೆಯವರೂ ನನ್ನ ಕಡೆಯವರೂ ಒಟ್ಟಿಗೆ ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ.

ನಾನೆದ್ದು, “ಸಭಾಪತಿಗಳೇ, ಈ ಪುಸ್ತಕ ಸತ್ತವ್ರ ಮಾನ ಕಳೀತದೆ” ಅಂದೆ.

“ಎಲ್ಲಿ ಕಳೀತದೆ? ತೋರ್ಸು ಮತ್ತೆ. ಸುಮ್ನೆ ಬಾಯಿಗೆ ಬಂದಂಗೆ ಮಾತಾಡ್ಬೇಡ ಓರಿನ್,” ಅಂದಳು ಥೆಲ್ಮಾ. ನಮ್ಮ ಸಭೆಯ ಪದ್ಧತಿಯೇ ಅದು, ದೂರು ಹೇಳಿದವನು ತೋರಿಸಬೇಕು. “ಓದು! ಓದು!” ಎಂದು ಬೆಂಚು ಬಡಿದರು. ಥೆಲ್ಮಾ ಪುಸ್ತಕ ತಂದು ಕೈಗಿತ್ತಳು. ಇನ್ನೇನು ಮಾಡಲಿ? ಪುಟ ತೆಗೆದು ಗಟ್ಟಿಯಾಗಿ ಓದತೊಡಗಿದೆ.

ಮೇಸ್ತ್ರಿ ಬಾಗಿಲು ಮುಚ್ಚಿಸಿದ. ಯಾರೋ ಕೆಮ್ಮಿದರೆ “ಹೆಂಗಸರ ಹಾಗೆ ಆಡಬೇಡಿ” ಎಂದು ಬೈದ. ನೋಡಿದಿರಾ ಎಂಬಂತೆ ತಲೆಯೆತ್ತಿ ನೋಡಿದೆ. ಮುಂದೆ ಓದಿದೆ. ಸತ್ತವರ ಮನೆಗಳು ಹನ್ನೊಂದು. ಮೇಸ್ತ್ರಿ ಪ್ರತಿ ಭಾನುವಾರ ಕೊಡಲಿ ಹೆಗಲಿಗೇರಿಸಿ, ಕುಂಟುತ್ತಾ, ಒಂದೊಂದೇ ಮನೆಯ ಹಿತ್ತಲಿಗೆ ಹೋಗಿ ಚಳಿಗಾಲಕ್ಕಾಗುವಷ್ಟು ಸೌದೆ ಒಡೆದು ಒಟ್ಟುತ್ತಾನೆ. ಯಾರ ಹತ್ತಿರವೂ ಮಾತಿಲ್ಲ, ಕ್ಷಮೆ ಕೇಳುವುದಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು ಅವನು ಇಸ್ಪೀಟು ಆಡಲು ಹೋಗುತ್ತಾನೆಂದುಕೊಂಡಿದ್ದಾರೆ.

ಇಸ್ಪೀಟಿಗೆ ಹೋಗುತ್ತಾನೆಂದು ಅಮ್ಮ ಎಷ್ಟು ಭಾನುವಾರ ಕೂಗಾಡಿದ್ದಳು! ಅಪ್ಪ ಒಂದು ದಿನವೂ ಎದುರಾಡಿರಲಿಲ್ಲ. ನಾನೂ ಅವನನ್ನು ಜೂಜುಗಾರನೆಂದೇ ತಿಳಿದು ಹೂಳಿದ್ದೆ. ಅಕ್ಷರಗಳು ಮಂಜಾದವು. ಇನ್ನೂರು ಜನರೆದುರು ನಲವತ್ತು ದಾಟಿದ ನಾನು ಅತ್ತುಬಿಟ್ಟೆ.

“ಓರಿನ್, ಮುಂದೆ ಓದ್ತೀಯೇನಪ್ಪಾ?” ಹೊರೇಸ್ ಮೆತ್ತಗೆ ಕೇಳಿದ.

ಆಗ ಮೂರನೇ ಸಾಲಿನಲ್ಲಿ ಐಲ್ಸಾ ಎದ್ದು ನಿಂತಳು. “ಸಭಾಪತಿಗಳೇ, ಉಳಿದದ್ದನ್ನ ಅವ್ನು ಮನೇಲಿ ಓದ್ಕೊಳ್ಳಲಿ. ಊಟದ ಬೀನ್ಸ್ ತಣ್ಣಗಾಗ್ತಿದೆ.”

ಸಭೆ ನಕ್ಕಿತು, ನಾನೂ ನಕ್ಕೆ. ಪುಸ್ತಕ ತೆಗೆಯಬೇಕೆನ್ನುವವರು ‘ಹೌದು’ ಅನ್ನಿ ಎಂದ ಹೊರೇಸ್. ಒಂದು ದನಿಯೂ ಇಲ್ಲ. ಬೇಡವೆನ್ನುವವರು? ಮಾಡು ಹಾರಿಹೋಗುವಂತೆ ಕೂಗಿದರು. ಅದರಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು. ಇಡೀ ದೇಶ ಆ ಪುಸ್ತಕಕ್ಕಾಗಿ ಕೋರ್ಟು ಕಚೇರಿ ಅಲೆಯುತ್ತಿದ್ದಾಗ, ಅದರಲ್ಲಿ ಬೈಸಿಕೊಂಡ ಊರೇ ಅದನ್ನು ಇಟ್ಟುಕೊಂಡಿತು. ಇದನ್ನು ಯಾವ ಪತ್ರಿಕೆಯವನೂ ಬರೆಯಲಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ, ಎದೆಯುಬ್ಬಿಸಿಯೇ ಬರೆಯುತ್ತಿದ್ದೇನೆ.

ಊಟದ ಹೊತ್ತಿಗೆ ತಟ್ಟೆ ಹಿಡಿದು ಅವಳ ಪಕ್ಕ ಕೂತೆ. “ಐಲ್ಸಾ, ಹೆಂಡ್ತಿ ಮಕ್ಳಿಗೇ ಗೊತ್ತಿರ್ಲಿಲ್ಲ. ನಿಂಗೆ ಹೆಂಗೆ ಗೊತ್ತಾಯ್ತೇ?”

ಅವಳು ಚಮಚ ಕೆಳಗಿಟ್ಟಳು.

“ಮೊದ್ಲು ನಮ್ಮನೆಗೇ ಬರ್ತಿದ್ದ ಕಣೋ. ಆರು ಚಳಿಗಾಲ ಬಂದ. ನಾನು ಅಡುಗೆಮನೆ ಕಿಟಕೀಲಿ ನಿಂತು ನೋಡ್ತಿದ್ದೆ. ಕೊರೆಯೋ ಹಿಮದಲ್ಲಿ ಕೈ ಉಜ್ಕೋತಾ ನಿಂತಿರ್ತಿದ್ದ. ಒಂದು ದಿನಾನೂ ಒಳಗೆ ಬಾ, ಒಂದು ಲೋಟ ಕಾಫಿ ಕುಡಿ ಅಂತ ಕರೀಲಿಲ್ಲ ನಾನು. ಅದಕ್ಕೇ ಬರ್ದೆ.”