ನಾಲ್ಕು ಹನಿ ಬಿತ್ತು, ಅಷ್ಟೇ

ನಿಮ್ಮ ಕಡೆ ಮಳೆ ಹೆಂಗೆ ಅಂತ ಯಾರಾದರೂ ಕೇಳಿದರೆ ಮೊನ್ನೆ ಮೊನ್ನೆವರೆಗೂ ನಾನು ಒಂದು ಸಲವೂ ನಿಜ ಹೇಳಿದವಳಲ್ಲ. ಕೆರೆ ಕೋಡಿ ಬಿದ್ದಿರಲಿ, ಹಿತ್ತಲ ಗೋಡೆ ಕುಸಿದಿರಲಿ, ನನ್ನ ಬಾಯಿಂದ ಬರೋದು ಒಂದೇ ಮಾತು: "ಎಲ್ಲೈತೆ ಮಳೆ, ನಾಲ್ಕು ಹನಿ ಬಿತ್ತು." ನಾನೊಬ್ಬಳೇ ಅಲ್ಲ. ದುರ್ಗದವರಿಗೂ ಅದೇ ನಾಲ್ಕು, ಮತ್ತೋಡಿನವರಿಗೂ ಅದೇ ನಾಲ್ಕು. ಐದು ಹನಿ ಬಿತ್ತು ಅಂದವರನ್ನ ಈ ವಯಸ್ಸಿನವರೆಗೂ ಕಂಡಿಲ್ಲ.

ಯಾಕೆ ಹಿಂಗೆ ಅಂತ ಈ ಬೇಸಿಗೆಯಲ್ಲಿ ಯೋಚನೆ ಹತ್ತಿತು. ನಾನು ಓದಿದವಳಲ್ಲ. ವಯಸ್ಕರ ಶಾಲೆಯಲ್ಲಿ ಅಕ್ಷರ ಕೂಡಿಸೋದು ಕಲಿತೆ, ಅಷ್ಟೇ. ಟೀವಿ ಕೆಳಗೆ ಓಡೋ ಸಾಲಿನಲ್ಲಿ 'ಚಿತ್ರ' ಅಂತ ಓದಿ ಮುಗಿಸೋದರೊಳಗೆ ದುರ್ಗ ಆಚೆ ದಾಟಿರುತ್ತೆ. ಆದರೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತವಳಿಗೆ ಯೋಚನೆ ಮಾಡೋಕೆ ಅಕ್ಷರ ಯಾಕೆ? ಕೈ ತನ್ನ ಪಾಡಿಗೆ ನಡೆಯುತ್ತೆ, ತಲೆ ಖಾಲಿ ಬಿದ್ದಿರುತ್ತೆ.

ನನಗೆ ಹೊಳೆದದ್ದು ಇದು. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಅಂತ ಹಿರಿಯರು ಎರಡನ್ನೂ ಒಂದೇ ಗಂಟು ಕಟ್ಟಿಟ್ಟಿದ್ದಾರೆ. ಮಗ ಚೆನ್ನಾಗಿ ಉಣ್ಣುತ್ತಾನಾ ಅಂತ ಯಾವ ತಾಯಿಯನ್ನಾದರೂ ಕೇಳಿ ನೋಡಿ. ಮೂರು ಮುದ್ದೆ ನುಂಗಿ ನಾಲ್ಕನೆಯದಕ್ಕೆ ಕೈ ಚಾಚಿದ ಮಗನನ್ನ ಎದುರಿಗೆ ಇಟ್ಟುಕೊಂಡೇ "ಎಲ್ಲಿ ಉಣ್ತಾನೆ, ಎರಡು ತುತ್ತು" ಅಂತಾಳೆ. ದೃಷ್ಟಿಯಾದೀತು ಅಂತ ಭಯ. ಮಳೆಗೂ ದೃಷ್ಟಿ ತಗಲುತ್ತೆ ಅಂದುಕೊಂಡಿದ್ದೇವೋ ಏನೋ. ಬಹಳ ಬಂತು ಅಂದರೆ ಮಳೆ ಕೇಳಿಸಿಕೊಂಡು ನಿಂತುಬಿಟ್ಟರೆ? ಮಳೆಗೆ ಕಿವಿ ಎಲ್ಲಿದೆ ಅಂತ ಮಾತ್ರ ನನಗೆ ಇನ್ನೂ ಗೊತ್ತಾಗಿಲ್ಲ.

ಭರಣಿ ಮಳೆ ಹುಟ್ಟಿದ ವಾರ. ಬೆಳಗ್ಗೆ ಸೊಸೆ ಮೊಬೈಲು ನೋಡಿ ಓದಿದಳು: "ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಬಿಸಿಲು ಜಾಸ್ತಿ. ಅಲ್ಲಲ್ಲಿ ಗುಡುಗು ಸಹಿತ ಮಳೆ."

"ಅಲ್ಲಲ್ಲಿ ಅಂದ್ರೆ ಎಲ್ಲೆಲ್ಲಿ?"

"ಅಲ್ಲಲ್ಲಿ ಅಂದ್ರೆ ಅಲ್ಲಲ್ಲೇ, ಅತ್ತೆ."

"ನಮ್ಮ ಬಂಡೆ ಅದ್ರಾಗೆ ಬರ್ತೈತಾ?"

"ಬಂಡೆ ಹೆಸರು ಹಾಕಿಲ್ಲ ಕಣತ್ತೆ."

ಬಂಡೆ ನಮ್ಮ ಹಿತ್ತಲಲ್ಲಿದೆ, ಕಣದಷ್ಟು ಅಗಲ. ಡಿಗ್ರಿ ಎಷ್ಟು ಅಂತಲೂ ಸೊಸೆ ಹೇಳಿದಳು, ನನಗೆ ಬೇಕಿರಲಿಲ್ಲ. ಬರಿಗಾಲಲ್ಲಿ ಬಂಡೆ ಮೇಲೆ ನಡೆದು ಬಂದರೆ ಬಿಸಿಲು ಸಾಧಾರಣ. ಓಡಿ ಬಂದರೆ ಜೋರು. ಆ ತುದಿಯಲ್ಲೇ ನಿಂತು "ಚಪ್ಪಲಿ ತಾರೇ" ಅಂತ ಕೂಗಿದರೆ ಸಂಜೆಗೆ ಗುಡುಗು. ಅವತ್ತು ನಾನು ಕೂಗಿದ್ದೆ. ಆದರೂ ಬಂಡೆ ತುಂಬ ವರ್ಷದ ಹುಣಸೆಹಣ್ಣು ಹರವಿದ್ದೆ. ಅದೊಂದು ದಿನ ಒಣಗಿದರೆ ಉಪ್ಪು ಹಾಕಿ ಮಡಕೆಗೆ ತುಂಬಬೇಕು. ನೆನೆದರೆ ಬೂಸಲು ಹಿಡಿದು ತಿಪ್ಪೆಗೆ. ಆಮೇಲೆ ವರ್ಷವಿಡೀ ಅಂಗಡಿ ಹಣ್ಣಿನ ಸಾರು. ಅದು ನನ್ನ ಗಂಟಲಲ್ಲಿ ಇಳಿಯೋದಿಲ್ಲ.

ಮಧ್ಯಾಹ್ನ ಪಡುವಲು ಕಪ್ಪಾಯಿತು. ಆ ದಿಕ್ಕಿನ ರಾಮಗಿರಿಯಲ್ಲಿ ನನ್ನ ನಾದಿನಿ ಇದ್ದಾಳೆ. ಫೋನ್ ಹಚ್ಚಿ ಕೇಳಿದೆ, "ಮಳೆ ಏನಾದ್ರೂ ಐತೇನಮ್ಮ?"

"ಎಲ್ಲಿ ಅತ್ತಿಗೆ, ನಾಲ್ಕು ಹನಿ."

ಅವಳ ಮಾತಿನ ಹಿಂದೆ ಚಟಚಟ ಅಂತ ಸದ್ದು. ಒಗ್ಗರಣೆ ಹಾಕುತ್ತಿದ್ದಾಳೆ ಅಂದುಕೊಂಡೆ. ಮಧ್ಯಾಹ್ನ ಮೂರು ಗಂಟೆಗೆ ಯಾವ ಹೆಂಗಸು ಒಗ್ಗರಣೆ ಹಾಕುತ್ತಾಳೆ ಅಂತ ಕೇಳಿಕೊಳ್ಳೋ ಬುದ್ಧಿ ಬರಲಿಲ್ಲ. ಅದು ಅವರ ಮನೆಯ ತಗಡಿನ ಮೇಲೆ ಬೀಳುತ್ತಿದ್ದ ಆಲಿಕಲ್ಲು. ನಾನು ಹೋಗಿ ಮಲಗಿದೆ.

ಮುಂದೆ ಏನಾಯಿತು ಅಂತ ಉದ್ದ ಹೇಳೋದು ಬೇಡ. ಸೊಸೆ, ನಾನು ಸೇರಿ ಬಾಚಿ ಎತ್ತಿದ್ದು ಕಾಲು ಪಾಲು. ಉಳಿದದ್ದು ಬಂಡೆಯಿಂದ ಕೆಂಪಗೆ ಇಳಿದು ಹಿತ್ತಲೆಲ್ಲ ಹರಿಯಿತು. ಅಷ್ಟು ದೊಡ್ಡ ಸಾರನ್ನ ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಒದ್ದೆ ಸೀರೆಯಲ್ಲೇ ನಿಂತಿದ್ದೆ, ಹಿರಿಯೂರಿನಿಂದ ತಂಗಿ ಗಂಗಿ ಫೋನ್ ಮಾಡಿದಳು. ಮಗಳ ಮದುವೆಗೆ ಅಂತ ಮಾಳಿಗೆ ತುಂಬ ಸಂಡಿಗೆ ಇಟ್ಟಿದ್ದಳು. "ಅಕ್ಕಾ, ನಿಮ್ಮ ಕಡೆ ಮಳೆಯಾ?"

"ಎಲ್ಲಿ ಗಂಗೀ, ನಾಲ್ಕು ಹನಿ," ಅಂತು ನನ್ನ ಬಾಯಿ. ಫೋನ್ ಇಟ್ಟೆ.

ಸೊಸೆ ನನ್ನನ್ನೇ ನೋಡಿದಳು. "ಅತ್ತೆ, ನಿಮ್ಮ ಸೀರೆ ಹಿಂಡಿದ್ರೇ ನಾಲ್ಕು ಕೊಡ ಆಗ್ತೈತೆ."

ನಾದಿನಿಗೆ ಬೈಯೋಕೆ ಅಂತ ಹಲ್ಲಿನ ಹಿಂದೆ ಜೋಡಿಸಿಟ್ಟಿದ್ದ ಮಾತೆಲ್ಲ ನನಗೇ ಸರಿಯಾಗಿ ಹೊಂದುತ್ತಿತ್ತು. ಮತ್ತೆ ಫೋನ್ ಹಚ್ಚಿದೆ. "ಗಂಗೀ, ಸುಳ್ಳು ಹೇಳಿದೆ ಕಣೆ. ಭಾರಿ ಮಳೆ. ನಿಮ್ಮ ಕಡೇಗೇ ಹೊಂಟೈತೆ. ಸಂಡಿಗೆ ಎತ್ತು." ನನ್ನ ಬಾಯಲ್ಲಿ ಭಾರಿ ಅನ್ನೋ ಮಾತು ಕೇಳಿ ಅವಳು ಪ್ರಳಯವೇ ಬಂತು ಅಂದುಕೊಂಡಳಂತೆ. ಅರ್ಧ ಒಣಗಿದ ಸಂಡಿಗೆಯನ್ನ ಪಂಚೆ ಸಮೇತ ಸುತ್ತಿಕೊಂಡು ಕೆಳಗೆ ಇಳಿದಳು.

ಹಿರಿಯೂರಿಗೆ ಒಂದು ಹನಿಯೂ ಬೀಳಲಿಲ್ಲ. ಸಂಜೆ ಅವಳ ಫೋನ್ ಬಂತು.

"ಏನಕ್ಕ ನಿನ್ನ ಮಳೆ! ಎಲ್ಲಾ ಅಂಟಿಕೊಂಡು ಒಂದೇ ಸಂಡಿಗೆ ಆಗೈತೆ, ಚಾಪೆ ಅಗಲ. ಬೀಗರ ಮುಂದೆ ಕೊಡಲಿ ತಗಂಡು ಕಡಿದು ಬಡಿಸ್ಲಾ?"

ಬೈಸಿಕೊಂಡೆ. ನಾದಿನಿಯ ಸುಳ್ಳಿನಿಂದ ನನ್ನ ಹುಣಸೆಹಣ್ಣು ಹೋಯಿತು, ನನ್ನ ನಿಜದಿಂದ ಗಂಗಿಯ ಸಂಡಿಗೆ ಹೋಯಿತು. ಮೋಡ ಇಬ್ಬರ ಮಾತನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಮಾರನೇ ಬೆಳಗ್ಗೆ ಗಂಗಿಯೇ ಮತ್ತೆ ಫೋನ್ ಮಾಡಿದಳು. ಹೊಸದಾಗಿ ಹಿಟ್ಟು ಕಾಸಿಕೊಂಡು ಕೂತಿದ್ದಳು.

"ಅಕ್ಕಾ, ಇವತ್ತು ಹೆಂಗೈತೆ ಅಲ್ಲಿ?"

ಹಿತ್ತಲಿಗೆ ಹೋಗಿ ತಲೆ ಎತ್ತಿ ನೋಡಿದೆ. "ಪಡುವಲಾಗೆ ಒಂದು ಮೋಡ ಐತೆ ಕಣೆ. ಕಂಬಳಿಯಷ್ಟು. ಬಿಳೀದು. ಅದು ಏನು ಮಾಡ್ತೈತೋ ನಂಗೊತ್ತಿಲ್ಲ."

"ಅಷ್ಟು ಸಾಕು ಬಿಡು," ಅಂದು ಅವಳು ಪಾತ್ರೆ ಹೊತ್ತುಕೊಂಡು ಮಾಳಿಗೆ ಹತ್ತಿದಳು.