ನಮ್ಮ ಬೀದಿಗೆ ಬಂದ ಪಂಜು

ತೊಂಬತ್ತರ ದಶಕದ ಮಾತು. ನಾನಾಗ ಐದನೇ ತರಗತಿ. ತಾಳವಾಡಿಯಲ್ಲಿ ನಡೆಯುವ ಶಾಲಾ ಆಟೋಟಕ್ಕೆ ಕ್ರೀಡಾಜ್ಯೋತಿಯನ್ನು ಊರೂರಿನ ಮಕ್ಕಳು ಓಡುತ್ತ ಕೈಯಿಂದ ಕೈಗೆ ದಾಟಿಸಬೇಕೆಂದು ಗೊತ್ತಾಯಿತು. ನಮ್ಮೂರಿನಲ್ಲಿ ಅದನ್ನು ಹಿಡಿದು ಓಡುವವಳು ಒಂಬತ್ತನೇ ತರಗತಿಯ ನನ್ನ ಅಕ್ಕ. ದಿನಾ ಬಸ್ಸು ತಪ್ಪಿಸಿಕೊಂಡು ಸ್ಕೂಲಿನ ತನಕ ಓಡಿ ಓಡಿಯೇ ಅವಳ ಕಾಲು ಗಟ್ಟಿಯಾಗಿದೆ ಎಂದು ಅವ್ವ ನಗುತ್ತಿದ್ದಳು.

ಪಂಜು ನಮ್ಮ ಬೀದಿಗೂ ಬಂದೀತೆಂದು ಯಾರೂ ಎಣಿಸಿರಲಿಲ್ಲ. ನಮ್ಮದು ಕೂಲಿಯವರ ಬೀದಿ. ಯಾವ ಮೆರವಣಿಗೆಯಾದರೂ ಮೇಲಿನ ಬೀದಿಯಲ್ಲೇ ಮುಗಿಯುತ್ತಿತ್ತು. ಅಲ್ಲಿ ಏನೇನಾಯಿತೆಂದು ತಮಟೆ ಬಡಿಯಲು ಹೋದ ಅಪ್ಪ ಬಂದು ಹೇಳಬೇಕಿತ್ತು. ಆದರೆ ಆ ವರ್ಷ ಹೊಸದಾಗಿ ಬಂದಿದ್ದ, ಸತ್ಯಮಂಗಲದ ಕಡೆಯ ಡ್ರಿಲ್ ಮಾಸ್ಟರು, ಓಡುವ ಹುಡುಗಿಯ ಮನೆ ಮುಂದಿನಿಂದಲೇ ಪಂಜು ಹೋಗಲಿ ಎಂದುಬಿಟ್ಟರು.

ಅವತ್ತು ಅವ್ವ ಕೆಲಸಕ್ಕೆ ಹೋಗಲಿಲ್ಲ. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟರು. ಬಿಳಿ ಬನಿಯನ್ ತೊಟ್ಟ ಹುಡುಗ ಹುಡುಗಿಯರು ಎರಡು ಸಾಲಾಗಿ ಬಂದರು. ಮುಂದೆ ಅಕ್ಕ, ಬರಿಗಾಲಲ್ಲಿ. ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಮಾಸ್ಟರು, ಹಿಂದೆ ಊರಿನ ನಾಲ್ಕಾರು ಹಿರಿಯರು. ಬೆಟ್ಟದ ಕಡೆಯಿಂದ ಗಾಳಿ ಜೋರಾಗಿತ್ತು. ನಮ್ಮ ಮನೆ ಇನ್ನೂ ಹತ್ತು ಹೆಜ್ಜೆ ಇದೆ ಎನ್ನುವಾಗ ಪಂಜು ಆರಿಹೋಯಿತು.

ಅಕ್ಕನ ಮುಖ ಬಿಳಿಚಿಕೊಂಡಿತು. ಮಾಸ್ಟರು ಕಡ್ಡಿ ಗೀರಿದರು, ಗೀರಿದ್ದೆಲ್ಲ ಗಾಳಿಗೆ ಆರಿತು. ಅವ್ವ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು: "ಒಲೇಲಿ ಬೆಂಕಿ ಅದೆ ಸಾ. ತರ್ಲಾ?"

ಹಿರಿಯರಲ್ಲೊಬ್ಬರು ಬೇರೆ ಕಡೆ ನೋಡುತ್ತ, "ಬ್ಯಾಡ ಬುಡಿ. ಮ್ಯಾಲೆ ದೇವಸ್ಥಾನದ ತಾವು ಅಚ್ಕಂಡ್ರಾಯ್ತು" ಎಂದರು.

ಮಾಸ್ಟರು ಅವರತ್ತ ತಿರುಗಲೂ ಇಲ್ಲ. ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಅವ್ವನಿಗೆ ಹೇಳಿದರು: "ಬೇಗ ತನ್ನಿ ಅಮ್ಮಾ."

ಅವ್ವನಿಗೆ 'ತನ್ನಿ' ಎಂದವರನ್ನು ನಾನು ಅವತ್ತೇ ಮೊದಲು ಕಂಡದ್ದು. ಅವಳು ಉರಿಯುವ ಸೌದೆಯನ್ನು ಸೆರಗಿನ ಮರೆಯಲ್ಲಿ ತಂದಳು. ಹತ್ತಿರ ಬಂದವಳು ಯಾಕೋ ತಡೆದು ನಿಂತಳು. ಅಕ್ಕನೇ ಮುಂದೆ ಬಂದು ಪಂಜನ್ನು ಬಗ್ಗಿಸಿ ಹಿಡಿದಳು.

"ಅಚ್ಚು, ಅವ್ವ," ಎಂದಳು.

ಸೀಮೆಎಣ್ಣೆಯ ಬಟ್ಟೆ ಭಗ್ಗೆಂದು ಹತ್ತಿಕೊಂಡಿತು. ಅಕ್ಕ ಓಡಿದಳು. ನಾವೂ ಕೇಕೆ ಹಾಕುತ್ತ ಬೆನ್ನು ಹತ್ತಿದೆವು. ಮೇಲಿನ ಬೀದಿಗೆ ಬಂದಾಗ ನನ್ನ ಕಾಲು ತಾನಾಗಿ ನಿಧಾನವಾಯಿತು. ಅಲ್ಲಿನ ಹೆಂಗಸರು ಆರತಿ ತಟ್ಟೆ ಹಿಡಿದು ಕಾದಿದ್ದರು. ಬೆಂಕಿ ಎಲ್ಲಿಯದೆಂದು ಅಷ್ಟರಲ್ಲೇ ಅವರಿಗೂ ಗೊತ್ತಾಗಿತ್ತು. ಕೆಲವರು ಒಳಗೆ ಹೋದರು. ಒಬ್ಬ ಮುದುಕಿ ಮಾತ್ರ ಇಳಿದು ಬಂದು ಪಂಜಿಗೆ ಆರತಿ ಎತ್ತಿದಳು, ಅಕ್ಕನ ಹಣೆಗೆ ಕುಂಕುಮ ಇಟ್ಟಳು. ಆಮೇಲೆ ಇನ್ನಿಬ್ಬರು ಬಂದರು.

ದೊಡ್ಡಗಾಜನೂರಿನ ದಾರಿಯಲ್ಲಿ ಇನ್ನೊಂದು ಊರಿನ ಹುಡುಗ ಪಂಜನ್ನು ಇಸಿದುಕೊಂಡ. ಅದು ಕಣ್ಣಿಗೆ ಮರೆಯಾಗುವ ತನಕ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ ನಿಂತಿದ್ದಳು.

ಮರುವರ್ಷ ಆಟೋಟದ ಓಟದ ಪಂದ್ಯಕ್ಕೆ ನಮ್ಮ ಬೀದಿಯಿಂದ ಮೂವರು ಹುಡುಗಿಯರು ಹೆಸರು ಕೊಟ್ಟೆವು. ಅವ್ವ ಬೇಡವೆನ್ನಲಿಲ್ಲ. ನಾನು ಎಲ್ಲರಿಗಿಂತ ಹಿಂದೆ ಬಿದ್ದೆ, ಆದರೂ ಕೊನೆಯ ತನಕ ಓಡಿದೆ.